ಗೇಟಿನಾಚೆ ನಿಲ್ಲಿಸಿದ ಹಡಗು

ಕತ್ರಿಗುಪ್ಪೆ, ಬೆಂಗಳೂರು
೨೪ ಫೆಬ್ರವರಿ ೨೦೨೫

ಸಿರಿ,

ಬರೆಯುತ್ತಿರುವವಳು ಶಾಂತಾದೇವಿ. ಪಾತ್ರೆ ಅಂಗಡಿ ಚನ್ನಬಸವಯ್ಯನವರ ಹೆಂಡತಿ, ಕತ್ರಿಗುಪ್ಪೆಯ ಈ ಮನೆಯ ಯಜಮಾನಿ, ನಿನ್ನ ಅಪ್ಪ ಸೋಮನಾಥನನ್ನು ಹೆತ್ತವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಫೋನಿನಲ್ಲಿ ನನ್ನ ಪ್ರತಿಯೊಂದು ಮಾತಿಗೂ "ಹ್ಞೂ ಅಜ್ಜಿ, ಆಯ್ತು ಅಜ್ಜಿ" ಎಂದು ನೀನು ತೇಲಿಸಿಬಿಡುವುದನ್ನು ಕೇಳಿದರೆ ಮರೆತಿದ್ದೀಯೆ ಎನಿಸುತ್ತದೆ. ಅದಕ್ಕೇ ಕಾಗದ. ಕಾಗದಕ್ಕೆ ಹ್ಞೂ ಎಂದರೆ ಸಾಲದು, ಉತ್ತರ ಬರೆಯಬೇಕು. ಹಡಗು ಹತ್ತಿದ ಮೇಲೆ ನಿನ್ನ ಫೋನು ಸಿಗುವುದೂ ಇಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನಗಿಂತ ಹೆಚ್ಚು ಓದಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೂ ಸುಬ್ರಹ್ಮಣ್ಯಪುರದಲ್ಲಿ ಬೋರ್‌ವೆಲ್ ಕೊರೆಸಲಿ, ಚಿಕ್ಕಲಸಂದ್ರದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲಿ, ನಮ್ಮವರು ಗಳಿಗೆ ಕೇಳಲು ಬರುವುದು ನನ್ನ ಹತ್ತಿರ. ನಾನು ಇಟ್ಟ ಗಳಿಗೆಯಲ್ಲಿ ಇವತ್ತಿನವರೆಗೆ ಒಂದು ಗಾಜಿನ ಲೋಟವೂ ಒಡೆದಿಲ್ಲ.

ನನ್ನ ತಮ್ಮನ ಮಗ ಚಿದಾನಂದ ನಿನ್ನೆ ಜೆ.ಪಿ. ನಗರದಿಂದ ಬಂದಿದ್ದ. ಟೈಲ್ಸ್ ವ್ಯಾಪಾರ ಕೈಹಿಡಿದ ಮೇಲೆ ಅವನ ನಡಿಗೆಯೇ ಬದಲಾಗಿದೆ. ನನ್ನ ಮುಂದೆ ಮಾತ್ರ ಇನ್ನೂ ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿ ನಿಲ್ಲುತ್ತಾನೆ.

"ಅತ್ತೆ, ದಿನ ನೀವೇ ಇಡ್ಬೇಕು. ಲಾರಿ ಆಗಿದ್ರೆ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಕಳಿಸ್ಬಿಡ್ತಿದ್ದೆ. ಇದು ಹಡಗು" ಅಂದ.

ಗುಜರಾತಿನ ಟೈಲ್ಸ್ ತುಂಬಿಕೊಂಡು ಮಂಗಳೂರಿಗೆ ಹೊರಡುವ ಅವನ ಮೊದಲ ಹಡಗು. ‘ನೀಲಾಂಬಿಕೆ’ ಎಂದು ಹೆಸರಿಟ್ಟವಳೂ ನಾನೇ. ನೀನು ಸಮುದ್ರದ ಕೆಲಸಕ್ಕೆ ಹೋದದ್ದನ್ನು ನಾನು ಇನ್ನೂ ಒಪ್ಪಿಲ್ಲ. ಈಗ ನೀನಿರುವುದು ಮನೆಯವರ ಹಡಗಿನಲ್ಲಿ ಎಂಬ ಕಾರಣಕ್ಕೆ ಸುಮ್ಮನಿದ್ದೇನೆ.

ಮಾರ್ಚ್ ಹದಿನಾರು, ಭಾನುವಾರ ಇಟ್ಟಿದ್ದೇನೆ. ಹೋಳಿ ಹುಣ್ಣಿಮೆ ಕಳೆದು ಬಿದಿಗೆ. ಭಾನುವಾರ ಪಶ್ಚಿಮಕ್ಕೆ ಶೂಲವಿದೆ, ಆ ದಿಕ್ಕಿಗೆ ಹೊರಡಬಾರದು. ನಿಮ್ಮ ಹಡಗು ಯಾವ ದಿಕ್ಕಿಗೆ ಮುಖ ಮಾಡಿ ಹೊರಡುತ್ತದೆ, ಬರೆ.

ನಾಡಿದ್ದು ಶಿವರಾತ್ರಿ. ಅಲ್ಲಿ ಉಪವಾಸ ಮಾಡಲು ಆಗದಿದ್ದರೆ ಲಿಂಗಪೂಜೆಯನ್ನಾದರೂ ತಪ್ಪಿಸಬೇಡ.

ಶಾಂತಾದೇವಿ


ಖಂಬಾತ್ ಕೊಲ್ಲಿ
೩ ಮಾರ್ಚ್ ೨೦೨೫

ಅಜ್ಜಿ,

ಪೂಜೆ ತಪ್ಪಿಸಿಲ್ಲ. ಹಡಗು ಪೂರ್ವಕ್ಕೆ ಮುಖ ಮಾಡಿ ಹೊರಡುತ್ತದೆ, ಆಮೇಲೆ ದಕ್ಷಿಣ. ನಿಮ್ಮ ಶೂಲ ನಮ್ಮ ಬೆನ್ನ ಹಿಂದೆ ಉಳಿಯಿತು, ಸಮಾಧಾನವೇ?

ಆದರೆ ಒಂದು ಮಾತು. ದಿನ ನೀವಿಡಿ, ಗಳಿಗೆಯನ್ನು ಮಾತ್ರ ನೀರಿಗೆ ಬಿಡಿ. ಈ ಕೊಲ್ಲಿಯನ್ನು ನೀವು ಒಮ್ಮೆ ನೋಡಬೇಕಿತ್ತು. ಬಾಯಿ ಅಗಲ, ಗಂಟಲು ಕಿರಿದು, ದೊಡ್ಡ ಆಲಿಕೆಯ ಹಾಗೆ. ದಿನಕ್ಕೆ ಎರಡು ಸಲ ಸಮುದ್ರ ಇದರೊಳಗೆ ನುಗ್ಗಿ ತುಂಬುತ್ತದೆ, ಎರಡು ಸಲ ಬರಿದಾಗುತ್ತದೆ. ತುಂಬಿದಾಗ ನೀರು ಮೂರಂತಸ್ತಿನ ಮನೆಯಷ್ಟು ಏರಿರುತ್ತದೆ. ನುಗ್ಗುವಾಗಲೂ ಇಳಿಯುವಾಗಲೂ ಅದು ಓಡುವ ರಭಸಕ್ಕೆ ನಮ್ಮಂಥ ಚಿಕ್ಕ ಹಡಗು ಎಂಜಿನ್ನು ಪೂರ್ತಿ ಓಡಿಸಿದರೂ ಇದ್ದಲ್ಲೇ ಇರುತ್ತದೆ.

ಅದಕ್ಕೆ ನಮ್ಮ ಹತ್ತಿರ ಹರಿವಿನ ನಕ್ಷೆಗಳ ಪುಸ್ತಕವಿದೆ. ಅದನ್ನು ಓದಿ ದಾರಿಯ ಲೆಕ್ಕ ಹಾಕುವುದೇ ಸೆಕೆಂಡ್ ಆಫೀಸರ್ ಆದ ನನ್ನ ಕೆಲಸ. ನೀರು ತುಂಬಿ ನಿಲ್ಲುವ ಹೊತ್ತಿಗೆ ಒಂದು ಪುಟ. ಅದಕ್ಕೆ ಮುಂಚಿನ ಒಂದೊಂದು ಗಂಟೆಗೂ ಒಂದೊಂದು ಪುಟ, ಆಮೇಲಿನ ಒಂದೊಂದು ಗಂಟೆಗೂ ಒಂದೊಂದು ಪುಟ. ಎಲ್ಲ ಪುಟದಲ್ಲೂ ಅದೇ ದಡ, ಅದೇ ಮರಳದಿಣ್ಣೆ; ಬದಲಾಗುವುದು ಬಾಣಗಳು. ಬಾಣ ತೋರಿಸಿದ ಕಡೆಗೆ ನೀರು ಓಡುತ್ತದೆ, ದಪ್ಪ ಬಾಣವಾದರೆ ಜೋರಾಗಿ ಓಡುತ್ತದೆ. ಇದೂ ಪಂಚಾಂಗವೇ ಅಜ್ಜಿ, ಚಂದ್ರನನ್ನೇ ನೋಡಿ ಬರೆದದ್ದು. ಅಮಾವಾಸ್ಯೆ ಹುಣ್ಣಿಮೆ ಕಳೆದ ಎರಡು ದಿನ ಬಾಣಗಳಿಗೆ ಹುಚ್ಚು ಹಿಡಿಯುತ್ತದೆ. ನೀವು ಪ್ರಯಾಣಕ್ಕೆ ಬೇಡವೆನ್ನುವ ಅಷ್ಟಮಿ ನವಮಿಯಲ್ಲಿ ಇಲ್ಲಿ ನೀರು ಸಾಧು. ಆದರೆ ನಮ್ಮದು ತುಂಬಿದ ಹಡಗು, ಅದು ತೇಲಲು ದೊಡ್ಡ ನೀರೇ ಬೇಕು. ಹಾಗಾಗಿ ನಿಮ್ಮ ಬಿದಿಗೆ ನಮಗೂ ಒಳ್ಳೆಯದೇ.

ಹದಿನಾರಕ್ಕೆ ಸಂಜೆ ಐದೂಕಾಲಿನ ಹೊತ್ತಿಗೆ ನೀರು ತುಂಬಿ, ಸ್ವಲ್ಪ ಹೊತ್ತು ಉಸಿರು ಹಿಡಿದು ನಿಲ್ಲುತ್ತದೆ. ಆಗ ಹಗ್ಗ ಬಿಚ್ಚಿ, ನಿಲ್ಲದೆ ದಿಣ್ಣೆಗಳನ್ನು ದಾಟಿಬಿಟ್ಟರೆ ಇಳಿಯುವ ನೀರೇ ನಮ್ಮನ್ನು ಹೊರಗೆ ಒಯ್ಯುತ್ತದೆ.

ಅಂದ ಹಾಗೆ ನಾವು ಲಿಂಗಾಯತರು. ದಿನ ವಾರ ನೋಡಬೇಡಿ ಎಂದು ನಮ್ಮ ಶರಣರು ಆಗಲೇ ಹೇಳಿಹೋಗಿದ್ದಾರಲ್ಲ?

ಚಿದಾನಂದ ಮಾವನ ಗೋಡೌನಿನಲ್ಲಿ ಟೈಲ್ಸ್ ಇಳಿಸುತ್ತಿದ್ದ ಮುತ್ತುರಾಜ ಈಗ ನಮ್ಮ ಡೆಕ್ಕಿನಲ್ಲಿದ್ದಾನೆ. ಕನ್ನಡ ಮಾತಾಡಲು ಅವನೊಬ್ಬನೇ. "ಅಜ್ಜಿಯಾರಿಗೆ ನಮಸ್ಕಾರ ಹೇಳ್ರಿ" ಅಂದಿದ್ದಾನೆ.

ನಿಮ್ಮ ಸಿರಿ


ಕತ್ರಿಗುಪ್ಪೆ
೯ ಮಾರ್ಚ್ ೨೦೨೫

ಸಿರಿ,

ಶರಣರ ಹೆಸರನ್ನು ನನ್ನ ಮೇಲೆ ಎತ್ತಿಹಿಡಿಯಬೇಡ. ಶರಣರಿಗೆ ರಾಹುಕಾಲ ಬೇಕಾಗಿರಲಿಲ್ಲ, ಅವರು ಇನ್ಶೂರೆನ್ಸ್ ಮಾಡಿಸಿ ಹಡಗು ತೇಲಿಸುತ್ತಿರಲಿಲ್ಲ.

ನಿನ್ನ ಐದೂಕಾಲು ಆಗುವುದಿಲ್ಲ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ನೀನು ಹುಡುಕಿ ಹುಡುಕಿ ಅದರ ಹೊಟ್ಟೆಯೊಳಗಿನ ಹೊತ್ತನ್ನೇ ಆರಿಸಿದ್ದೀಯೆ.

ಇದಕ್ಕೆ ಗಾಬರಿಯಾಗಬೇಕಿಲ್ಲ, ದಾರಿಯಿದೆ. ನಿಮ್ಮಪ್ಪ ಕಾರು ತಂದ ವರ್ಷ ಸಿದ್ಧಗಂಗೆಗೆ ಹೊರಟದ್ದನ್ನು ನೆನೆಸಿಕೊ. ರಾಹುಕಾಲ ಹತ್ತಿರ ಬಂದಿತ್ತು, ನಿಮ್ಮಮ್ಮ ಶ್ರೀದೇವಿ ಇನ್ನೂ ಬುತ್ತಿ ಕಟ್ಟುತ್ತಿದ್ದಳು. ನಾನು ಕಾರನ್ನು ಗೇಟಿನಾಚೆ ತೆಗೆಸಿ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅಲ್ಲಿಗೆ ಹೊರಟ ಹಾಗಾಯಿತು. ಎಲ್ಲರೂ ನಿಧಾನವಾಗಿ ತಿಂಡಿ ಮುಗಿಸಿ, ರಾಹುಕಾಲ ಕಳೆದ ಮೇಲೆ ಹೋಗಿ ಹತ್ತಿದೆವು. ಈ ಬೀದಿಯಲ್ಲಿ ಎಲ್ಲರೂ ಮಾಡುವುದು ಅದೇ. ಕಾಲಿಡಲು ಜಾಗವಿಲ್ಲದ ಕತ್ರಿಗುಪ್ಪೆಯಲ್ಲೇ ಒಂದು ಕಾರು ನಿಲ್ಲುತ್ತದೆ. ಸಮುದ್ರದಲ್ಲಿ ಜಾಗಕ್ಕೇನು ಬರ?

ನಾಲ್ಕೂವರೆಯೊಳಗೆ ಹಗ್ಗ ಬಿಚ್ಚಲಿ. ಹೊರಗೆ ಹೋಗಿ ನಿಂತು ಕಾಯಲಿ. ಆರಾದ ಮೇಲೆ ನಿಮ್ಮ ಬಾಣ ಹೇಳಿದ ಕಡೆಗೆ ಹೋಗಲಿ, ನಾನು ಬೇಡ ಎನ್ನುವುದಿಲ್ಲ.

ಶಾಂತಾದೇವಿ


ಕತ್ರಿಗುಪ್ಪೆ
೧೭ ಮಾರ್ಚ್ ೨೦೨೫

ಸಿರಿ,

ನಿನ್ನೆ ಚಿದಾನಂದ ನಮ್ಮ ಮನೆಯಲ್ಲೇ ಊಟ ಮಾಡಿದ. ಹೋಳಿಗೆ ಮಾಡಿಸಿದ್ದೆ. ನಾಲ್ಕರ ಸುಮಾರಿಗೆ ಫೋನು ಕೆಳಗಿಟ್ಟು "ಹಗ್ಗ ಬಿಚ್ತಿದ್ದಾರಂತೆ ಅತ್ತೆ" ಎಂದು ನನ್ನ ಕಾಲಿಗೆ ಬಿದ್ದ. ನಾನು ದೇವರ ಮುಂದೆ ದೀಪ ಹಚ್ಚಿದೆ.

ನೀನು ಈ ಹೊತ್ತಿಗೆ ಎಷ್ಟು ದೂರ ಬಂದಿರುವೆಯೋ. ಮಂಗಳೂರು ಮುಟ್ಟಿದ ಕೂಡಲೇ ಬರೆ. ಯುಗಾದಿಗೆ ಬಂದುಹೋಗಲು ರಜೆ ಕೇಳು. ಕೇಳಲು ನಾಚಿಕೆಯಾದರೆ ಹೇಳು, ಚಿದಾನಂದನಿಗೆ ನಾನೇ ಹೇಳುತ್ತೇನೆ.

ಶಾಂತಾದೇವಿ


ಖಂಬಾತ್ ಕೊಲ್ಲಿ
೨೧ ಮಾರ್ಚ್ ೨೦೨೫

ಅಜ್ಜಿ,

ನಾನು ಚೆನ್ನಾಗಿದ್ದೇನೆ. ಹಡಗು ಇನ್ನೂ ಕೊಲ್ಲಿಯಲ್ಲೇ ಇದೆ. ಒಂದಿಷ್ಟು ರಿಪೇರಿ ಬಂತು. ಅಮಾವಾಸ್ಯೆ ಕಳೆಯುವವರೆಗೆ ಇಲ್ಲಿಂದ ಕದಲುವ ಹಾಗಿಲ್ಲ. ಯುಗಾದಿಗೆ ಬರಲಾಗುವುದಿಲ್ಲ, ಅಮ್ಮನಿಗೆ ಹೇಳಿಬಿಡಿ.

ಇಲ್ಲಿ ಬಿಸಿಲು ಬಹಳ. ನಿಮ್ಮ ಮೊಣಕಾಲು ಹೇಗಿದೆ?

ಸಿರಿ


ಕತ್ರಿಗುಪ್ಪೆ
೨೬ ಮಾರ್ಚ್ ೨೦೨೫

ಸಿರಿ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿದ್ದಕ್ಕೆ ಬೈಯಬೇಕೆಂದು ಕುಳಿತೆ. ಆದರೆ ಒಂದು ಮಾತಿಗೆ ಸಂತೋಷವಾಯಿತು. ಅಮಾವಾಸ್ಯೆ ಕಳೆಯದೆ ಕದಲುವುದಿಲ್ಲ ಎಂದಿದ್ದೀಯೆ. ಅಂತೂ ನೀನೂ ತಿಥಿ ನೋಡುವವಳಾದೆಯಲ್ಲ! ಶರಣರು ಏನೆಂದರು?

ಚಿದಾನಂದ ಹತ್ತು ದಿನವಾದರೂ ಈ ಕಡೆ ತಲೆ ಹಾಕಿಲ್ಲ. ಫೋನು ಮಾಡಿದರೆ ಅವನ ಹೆಂಡತಿ ಗೋಡೌನಿನಲ್ಲಿದ್ದಾರೆ ಎನ್ನುತ್ತಾಳೆ. ಮೊಣಕಾಲಿನ ವಿಷಯ ನೀನು ಹಿಂದೆಂದೂ ಕೇಳಿದವಳಲ್ಲ.

೨೭ ಮಾರ್ಚ್

ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ಗೇಟು ಸದ್ದಾಯಿತು. ನಲವತ್ತೈದು ವಯಸ್ಸಿನ ಒಬ್ಬ ಹೆಂಗಸು. ಬಿ.ಟಿ.ಎಂ. ಲೇಔಟಿನ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾಳಂತೆ, ಹೆಸರು ರೇಣವ್ವ. ಮುತ್ತುರಾಜನ ತಾಯಿ. ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೆ ಕುಳಿತಳು.

"ಅವ್ವಾರ, ನನ್ನ ಮಗಂದು ಬಲಗೈದು ಎರಡು ಬೆರಳು ಹೋಗ್ಯಾವ್ರಿ" ಅಂದಳು.

"ಯಾವಾಗ? ಏನಾಯ್ತು?" ಎಂದೆ.

"ನಿಮಗ ಗೊತ್ತಿಲ್ಲೇನ್ರಿ? ಹಡಗ ಹೊಂಟ ದಿನಾನ. ಲಂಗರದ ಸರಪಳ್ಯಾಗ ಸಿಕ್ಕಾವ್ರಿ. ಹಡಗ ಮಣ್ಣಿನ ದಿಬ್ಬದ ಮ್ಯಾಲ ಕುಂತೈತಿ, ಅಮಾಸಿ ನೀರು ಬರೂತನಾ ಏಳಂಗಿಲ್ಲಂತ."

ಅವಳು ನಿಲ್ಲಿಸಲಿಲ್ಲ.

"ನಿಮ್ಮ ಮೊಮ್ಮಗಳು ನಕಾಶಿ ತಪ್ಪು ಓದ್ಯಾಳ, ಅದಕ್ಕ ಹಿಂಗಾತು ಅಂತಾರ್ರಿ ನಿಮ್ಮ ಚಿದಾನಂದ ಸಾಹುಕಾರ್ರು. ನನ್ನ ಮಗ ಬ್ಯಾರೇನ ಹೇಳ್ತಾನ. ‘ಮೇಡಂ ಬ್ಯಾಡ ಬ್ಯಾಡ ಅಂದ್ರವ್ವಾ, ಯಾರೂ ಕೇಳಲಿಲ್ಲ’ ಅಂತಾನ. ಯಾರದು ಖರೇ ಅಂತ ಕೇಳಾಕ ಬಂದೀನ್ರಿ. ಬ್ಯಾರೆ ಏನೂ ಬ್ಯಾಡ ನನಗ."

ನನಗೆ ಗೊತ್ತಿಲ್ಲ ಎಂದು ಹೇಳಿ ಕಳುಹಿಸಿದೆ. ಈ ಮನೆಯ ಬಾಗಿಲಲ್ಲಿ ನಿಂತು ಆ ಮಾತನ್ನು ನಾನು ಯಾರಿಗೂ ಹೇಳಿದ ನೆನಪಿಲ್ಲ.

ರಿಪೇರಿ ಎಂದು ಬರೆದೆಯಲ್ಲ. ಈಗ ಸರಿಯಾಗಿ ಬರೆ. ನನ್ನ ಮೊಣಕಾಲು ನೆಟ್ಟಗಿದೆ.

ಶಾಂತಾದೇವಿ


ಖಂಬಾತ್ ಕೊಲ್ಲಿ
೨ ಏಪ್ರಿಲ್ ೨೦೨೫

ಅಜ್ಜಿ,

ಹಡಗು ಮೊನ್ನೆ ಎದ್ದಿತು. ಅಮಾವಾಸ್ಯೆ ಕಳೆದ ದೊಡ್ಡ ನೀರಿನಲ್ಲಿ ಟಗ್ಗು ಎಂಬ ಎಳೆದೋಣಿ ಕಟ್ಟಿ ಎಳೆದರು. ತಳ ಬಗ್ಗಿದೆ, ಒಳಗಿನ ಟೈಲ್ಸ್ ಅರ್ಧಕ್ಕರ್ಧ ಚೂರು.

ಸರಿಯಾಗಿ ಬರೆ ಎಂದಿರಿ. ಬರೆಯುತ್ತೇನೆ. ಆ ಭಾನುವಾರ ಐದೂಕಾಲಿಗೆ ಹೊರಡುವುದೆಂದು ನಾನು ಲೆಕ್ಕ ಹಾಕಿಕೊಟ್ಟಿದ್ದೆ, ಕ್ಯಾಪ್ಟನ್ ಒಪ್ಪಿದ್ದರು. ನಿಮ್ಮ ಒಂಬತ್ತನೇ ತಾರೀಖಿನ ಕಾಗದ ಹೋಳಿ ರಜೆಯಲ್ಲಿ ಬಂದರಿನ ಏಜೆಂಟರ ಆಫೀಸಿನಲ್ಲೇ ಉಳಿದಿತ್ತು, ನಾನು ನೋಡಿರಲಿಲ್ಲ. ಮಧ್ಯಾಹ್ನ ಚಿದಾನಂದ ಮಾವ ಕ್ಯಾಪ್ಟನ್‌ಗೆ ಫೋನು ಮಾಡಿದರು. ಕ್ಯಾಪ್ಟನ್ ಅದನ್ನು ಸ್ಪೀಕರಿಗೆ ಹಾಕಿ ನಕ್ಷೆಯ ಮೇಲಿಟ್ಟರು. ಮಾವ ಹಿಂದಿಯಲ್ಲಿ ಹೇಳಿದರು: ನಾಲ್ಕಕ್ಕೇ ಬಿಡಿ, ಹೊರಗೆ ಲಂಗರು ಹಾಕಿ ನಿಲ್ಲಿ, ಆರರ ಮೇಲೆ ಹೊರಡಿ. ಕ್ಯಾಪ್ಟನ್ ಯಾಕೆ ಎಂದರು. ಮಾವ ಉತ್ತರ ಹುಡುಕುತ್ತಿದ್ದಾಗ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು, ಕನ್ನಡದಲ್ಲಿ:

"ಯಾಕೆ ಏನು ಅಂತೆಲ್ಲ ಅವನಿಗ್ಯಾಕೆ ಹೇಳ್ತೀಯ? ನಾಲ್ಕೂವರೆ ಒಳಗೆ ಬಿಚ್ಚು ಅಂತ ಹೇಳು, ಸಾಕು."

ಅಲ್ಲಿ ನಿಂತಿದ್ದವರಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೇ. ಮುತ್ತುರಾಜ ಕೆಳಗಿದ್ದ.

ನಾನು ಕ್ಯಾಪ್ಟನ್‌ಗೆ ಪುಟ ತೆಗೆದು ತೋರಿಸಿದೆ. ನಾಲ್ಕಕ್ಕೆ ನೀರು ಇನ್ನೂ ಒಳಗೆ ನುಗ್ಗುತ್ತಿರುತ್ತದೆ, ಆರಕ್ಕೆ ಹೊರಗೆ ಹರಿಯುತ್ತಿರುತ್ತದೆ, ನಡುವೆ ಹಡಗು ಲಂಗರಿನ ಸುತ್ತ ಗಿರಕಿ ಹೊಡೆಯುತ್ತದೆ, ತಳದಲ್ಲಿ ಬರೀ ಕೆಸರು, ಹಿಡಿಯುವುದಿಲ್ಲ ಎಂದೆ. "ಮಾಲೀಕರ ಮಾತು" ಎಂದು ಅವರು ಪುಸ್ತಕ ಮುಚ್ಚಿದರು. ಹಗ್ಗ ಬಿಚ್ಚುವಾಗ ಮುತ್ತುರಾಜನ ಎದುರಿಗೇ ಇನ್ನೊಮ್ಮೆ ಬೇಡವೆಂದೆ.

ಆಮೇಲೆ ಆದದ್ದೆಲ್ಲ ಪುಟದಲ್ಲಿದ್ದ ಹಾಗೆಯೇ ಆಯಿತು. ಹಡಗು ತಿರುಗಿತು, ಲಂಗರು ಕಿತ್ತುಬಂತು. ಅದನ್ನು ಎತ್ತಲು ಹೋದಾಗ ಸರಪಳಿ ಜಗ್ಗಿ ಮುತ್ತುರಾಜನ ಕೈ ಸಿಕ್ಕಿಕೊಂಡಿತು. ನೀರು ನಮ್ಮನ್ನು ದಿಣ್ಣೆಯ ಮೇಲೆ ಒರಗಿಸಿ, ಕೆಳಗಿನಿಂದ ಇಳಿದುಹೋಯಿತು. ಅಷ್ಟು ದೊಡ್ಡ ಸಮುದ್ರ ಕಣ್ಣೆದುರಿಗೇ ಬಸಿದುಹೋಗಿ, ಮಣ್ಣಿನ ಬಯಲಿನಲ್ಲಿ ನಾವು ವಾಲಿಕೊಂಡು ಕುಳಿತಿದ್ದೆವು. ಮುತ್ತುರಾಜ ಕೂಗುತ್ತಿದ್ದ. ಮುಂದಿನ ನೀರು ಬಂದು ದೋಣಿ ಬರುವವರೆಗೆ ಅವನನ್ನು ಕೆಳಗಿಳಿಸಲಾಗಲಿಲ್ಲ.

ಹಡಗು ಇಲಾಖೆಯ ಅಧಿಕಾರಿ ಇಪ್ಪತ್ತೆಂಟಕ್ಕೆ ವಿಚಾರಣೆ ಇಟ್ಟಿದ್ದಾರೆ. ಸೆಕೆಂಡ್ ಆಫೀಸರ್ ಹರಿವಿನ ನಕ್ಷೆಯನ್ನು ತಪ್ಪು ಓದಿ ಹೊತ್ತು ತಪ್ಪು ಕೊಟ್ಟಳು ಎಂದು ಮಾವ ಬರೆದುಕೊಟ್ಟಿದ್ದಾರೆ. ಕ್ಯಾಪ್ಟನ್ ಅದಕ್ಕೆ ಹೌದೆಂದು ತಲೆಯಾಡಿಸಿದ್ದಾರೆ. ನನ್ನ ಸರ್ಟಿಫಿಕೇಟು ಹೋಗುತ್ತದೆ. ಒಪ್ಪಿಕೊಂಡುಬಿಡು, ಒಂದೆರಡು ವರ್ಷ ಆಫೀಸಿನಲ್ಲಿ ಕೆಲಸ ಕೊಡುತ್ತೇನೆ ಎಂದು ಮಾವ ಕ್ಯಾಪ್ಟನ್‌ರ ಫೋನಿನಲ್ಲಿ ನನಗೆ ಹೇಳಿದರು. ಒಪ್ಪಿಕೊಳ್ಳುವುದೆಂದು ನಾನು ಮನಸ್ಸು ಮಾಡಿದ್ದೇನೆ. ಇಲ್ಲವೆಂದರೆ ಆ ಹೊತ್ತನ್ನು ಯಾರು ಹೇಳಿದರು ಎಂದು ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ.

ಸಿರಿ


ಕತ್ರಿಗುಪ್ಪೆ
೭ ಏಪ್ರಿಲ್ ೨೦೨೫

ಸಿರಿ,

ಏನನ್ನೂ ಒಪ್ಪಿಕೊಳ್ಳಬೇಡ. ಇದು ಮೊದಲ ಮಾತು.

ಎರಡನೆಯದು, ನನ್ನ ಗಳಿಗೆ ತಪ್ಪಲ್ಲ. ಕಾಯಿಸಿದ ಜಾಗ ತಪ್ಪು. ಎಲ್ಲಿ ನಿಲ್ಲಿಸಬೇಕೆಂದು ಕ್ಯಾಪ್ಟನ್‌ಗೆ ಗೊತ್ತಿರಬೇಕಿತ್ತು. ಅಷ್ಟು ದೊಡ್ಡ ಕೊಲ್ಲಿಯಲ್ಲಿ ಒಂದು ಹಡಗು ಎರಡು ಗಂಟೆ ನಿಲ್ಲಲು ಒಂದು ಜಾಗ ಇಲ್ಲವೆಂದರೆ ಯಾರು ನಂಬುತ್ತಾರೆ?

ಮೂರನೆಯದು, ನನ್ನ ದನಿ ಕೇಳಿಸಿಕೊಂಡವಳು ಆಗಲೇ ಫೋನಿಗೆ ಬಾಯಿ ಹಾಕಿ "ಅಜ್ಜಿ, ಬೇಡ" ಎಂದು ಯಾಕೆ ಅನ್ನಲಿಲ್ಲ? ನೀನು ಅಂದಿದ್ದರೆ ನಾನು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

ಇಷ್ಟು ಬರೆದು ಎದ್ದುಹೋಗಿ ಟೆರೇಸಿನಲ್ಲಿ ತಿರುಗಾಡಿ ಬಂದೆ. ಬೆಳಗಿನಿಂದ ಅದೇ ಆಗಿದೆ. ಕುಳಿತರೆ ಎದ್ದೇಳಬೇಕು, ಎದ್ದರೆ ಏನು ಮಾಡಲು ಎದ್ದೆ ಎಂದು ತಿಳಿಯುವುದಿಲ್ಲ. ಶ್ರೀದೇವಿ ನನ್ನನ್ನು ನೋಡಿ ನೋಡಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳಿಗೂ ನಿನ್ನಪ್ಪನಿಗೂ ನಾನಿನ್ನೂ ಪೂರ್ತಿ ಹೇಳಿಲ್ಲ.

ಆ ದಿನದ ಪುಟಗಳನ್ನು ನನಗೆ ಕಳುಹಿಸು. ನಾಲ್ಕರದು, ಐದೂಕಾಲಿನದು, ಆರರದು, ಏಳರದು. ಪಂಚಾಂಗ ಓದಲು ಬರುವವಳಿಗೆ ಬಾಣ ಓದಲು ಬಾರದೇನಿಲ್ಲ.

ಶಾಂತಾದೇವಿ


ಖಂಬಾತ್ ಕೊಲ್ಲಿ
೧೨ ಏಪ್ರಿಲ್ ೨೦೨೫

ಅಜ್ಜಿ,

ಪುಟಗಳ ಜೆರಾಕ್ಸ್ ಇಟ್ಟಿದ್ದೇನೆ. ಪ್ರತಿ ಬಾಣದ ಪಕ್ಕ ಎರಡು ಸಂಖ್ಯೆಗಳಿವೆ. ಚಿಕ್ಕದು ಅಷ್ಟಮಿಯ ಹೊತ್ತಿನ ವೇಗ, ದೊಡ್ಡದು ಹುಣ್ಣಿಮೆ ಅಮಾವಾಸ್ಯೆಯದು. ನೀವು ದೊಡ್ಡದನ್ನು ನೋಡಬೇಕು. ಹಡಗು ನಿಂತಿದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದ್ದೇನೆ.

ನಿಲ್ಲಲು ಬೇರೆ ಜಾಗವಿರಲಿಲ್ಲವೇ ಎಂದು ಕೇಳಿದಿರಿ. ನೀವೇ ಹುಡುಕಿ ನೋಡಿ. ಬಾಣವಿಲ್ಲದ ಜಾಗ ಆ ಪುಟಗಳಲ್ಲಿ ಸಿಕ್ಕರೆ ನನಗೂ ತಿಳಿಸಿ.

ನಾನು ಫೋನಿಗೆ ಬಾಯಿ ಹಾಕಲಿಲ್ಲ, ನಿಜ. ನಿಮ್ಮ ದನಿ ಕೇಳಿದ ಕೂಡಲೇ ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಬರುತ್ತದೆ?

ಇದರಲ್ಲಿ ನೀವು ಬರಬೇಡಿ. ಮೇ ತಿಂಗಳಲ್ಲಿ ಮಾವನ ಹೊಸ ಮನೆಯ ಗೃಹಪ್ರವೇಶ, ಎಲ್ಲರೂ ಸೇರುತ್ತಾರೆ. ನೀವು ಅಲ್ಲಿ ಯಾವಾಗಲಿನ ಹಾಗೆ ಮುಂದೆ ನಿಂತಿರಬೇಕು. ನಾನು ಚಿಕ್ಕವಳು, ಹೇಗೋ ಆಗುತ್ತದೆ.

ಸಿರಿ


ಕತ್ರಿಗುಪ್ಪೆ
೨೪ ಏಪ್ರಿಲ್ ೨೦೨೫

ಸಿರಿ,

ನಿನ್ನ ಪುಟಗಳನ್ನು ನಡುಮನೆಯ ನೆಲದ ಮೇಲೆ ಸಾಲಾಗಿ ಹರಡಿಕೊಂಡು ಎರಡು ದಿನ ನೋಡಿದೆ. ನಾಲ್ಕರ ಪುಟದಲ್ಲಿ ಬಾಣಗಳು ಮೇಲಕ್ಕೆ ಓಡುತ್ತವೆ. ಐದೂಕಾಲಿನ ಪುಟದಲ್ಲಿ ಸಾಸಿವೆಯಷ್ಟಾಗುತ್ತವೆ. ಆರಕ್ಕೆ ಕೆಳಕ್ಕೆ ತಿರುಗುತ್ತವೆ, ಏಳಕ್ಕೆ ನನ್ನ ಹೆಬ್ಬೆರಳಿನಷ್ಟು ದಪ್ಪ. ನಿನ್ನ ಸೊನ್ನೆಯ ಸುತ್ತಮುತ್ತ ಎಲ್ಲ ಕಡೆ ಹುಡುಕಿದೆ. ಬೇವಿನ ಮರದ ಕೆಳಗೆ ಎನ್ನುವಂಥ ಜಾಗ ಆ ನೀರಿನಲ್ಲಿ ಇಲ್ಲ. ನಿಂತವರನ್ನು ಅದು ನಿಂತಿರಲು ಬಿಡುವುದಿಲ್ಲ. ನೀನು ಸರಿಯಾಗಿ ಓದಿದ್ದೆ.

ಮೊದಲು ಬಿ.ಟಿ.ಎಂ. ಲೇಔಟಿಗೆ ಆಟೋ ಮಾಡಿಕೊಂಡು ಹೋಗಿ ರೇಣವ್ವನನ್ನು ಕಂಡೆ. ಪಿ.ಜಿ.ಯ ಅಡುಗೆಮನೆಯ ಹಿಂದೆ ನಿಂತು ಹೇಳಿದೆ: "ನೀನು ಅವತ್ತು ಕೇಳಿದ್ದಕ್ಕೆ ಉತ್ತರ ತಂದಿದ್ದೀನಿ. ನಿನ್ನ ಮಗ ಹೇಳಿದ್ದೇ ನಿಜ. ಆ ಹೊತ್ತಲ್ಲಿ ಬಿಡಿ ಅಂದವಳು ನಾನು." ಅವಳು ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. "ಹಂಗಾರ ನೀವಽ ಏನ್ರಿ" ಅಂದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಅಲ್ಲಿಂದ ಜೆ.ಪಿ. ನಗರದ ಚಿದಾನಂದನ ಶೋರೂಮಿಗೆ ಹೋದೆ. ನನ್ನನ್ನು ನೋಡಿ ಗಿರಾಕಿಗಳನ್ನು ಬಿಟ್ಟು ಓಡಿಬಂದ.

"ಅತ್ತೆ, ಈ ಬಿಸಿಲಲ್ಲಿ ಯಾಕೆ ಬಂದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

"ಮಾಡ್ದೆ. ಗೋಡೌನಲ್ಲಿದ್ದೀಯ ಅಂದ್ರು. ಹಾಸಿಗೆನೂ ಅಲ್ಲೇ ಹಾಕ್ಕೊಂಡಿದ್ದೀಯೇನೋ?"

ಒಳಗೆ ಕರೆದು ಬಾಗಿಲು ಹಾಕಿದ. ನಾನು ಬಂದ ವಿಷಯ ಹೇಳಿದೆ.

"ಅತ್ತೆ, ಸ್ವಲ್ಪ ಯೋಚ್ನೆ ಮಾಡಿ. ಸಿರಿ ಮೇಲೆ ಬಂದ್ರೆ ಒಂದೆರಡು ವರ್ಷ ಸರ್ಟಿಫಿಕೇಟ್ ಸಸ್ಪೆಂಡ್ ಆಗತ್ತೆ, ಅಷ್ಟೆ. ನಮ್ಮ ಹುಡುಗಿ, ನಾನು ನೋಡ್ಕೋತೀನಿ. ನಾನು ಆರ್ಡರ್ ಮಾಡ್ದೆ ಅಂತಾದ್ರೆ ಇನ್ಶೂರೆನ್ಸ್ ಪೂರ್ತಿ ಹೋಗತ್ತೆ. ನಾನು ಮುಳುಗಿಹೋಗ್ತೀನಿ."

"ನನ್ನ ಮೇಲೆ ಬಂದ್ರೆ?"

ಅವನು ನಕ್ಕ. "ನಿಮ್ಮ ಮೇಲೆ ಹೇಗೆ ಬರತ್ತೆ ಅತ್ತೆ? ನೀವು ಬರೀ ಗಳಿಗೆ ಹೇಳಿದ್ರಿ. ಮಾತಾಡಿದ್ದು ನಿಮ್ಮ ನಡುಮನೇಲಿ. ಅದು ನಮ್ಮಿಬ್ರಿಗೆ ಬಿಟ್ಟು ಯಾರಿಗ್ ಗೊತ್ತು?"

"ಅದಕ್ಕೇ ಬಂದೆ" ಎಂದೆ. "ನೀನೇ ನಿಜ ಬರ್ಕೊಡು. ಸೋಮವಾರದವರೆಗೆ ಟೈಮ್ ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಅವನು ನಿಮ್ಮಪ್ಪನಿಗೆ ಫೋನು ಮಾಡಿ, ಅಮ್ಮನಿಗೆ ವಯಸ್ಸಾಯಿತು, ಸಮಾಧಾನ ಹೇಳಿ ಎಂದನಂತೆ. ನಿಮ್ಮಪ್ಪ ನನ್ನ ಮುಂದೆ ಬಂದು ನಿಂತು, "ಅಮ್ಮಾ, ಸಂಬಂಧ ಹಾಳಾಗತ್ತೆ. ಊರೆಲ್ಲ ನಗತ್ತೆ" ಅಂದ. ಅವನಿಗೂ ಶ್ರೀದೇವಿಗೂ ಆಗಲೇ ಎಲ್ಲವನ್ನೂ ಹೇಳಿದೆ. ಶ್ರೀದೇವಿ ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಎದುರು ಮಾತಾಡಿದಳು. ಏನೆಂದಳು ಎಂದು ಬರೆಯುವುದಿಲ್ಲ, ಅದು ನನಗೆ ಹೇಳಿದ್ದು. ಬರೀ ಇಷ್ಟು ಬರೆಯುತ್ತೇನೆ, ನೋಟರಿ ಹತ್ತಿರಕ್ಕೆ ನನ್ನ ಜೊತೆ ಬಂದವಳು ಅವಳೇ.

ಬನಶಂಕರಿಯ ನೋಟರಿ ಆಫೀಸಿನಲ್ಲಿ ಟೈಪು ಮಾಡುವ ಹುಡುಗಿ ಲಿಖಿತಾ ಎಂಬವಳು. "ಆಸ್ತಿ ವಿಚಾರನಾ ಆಂಟಿ?" ಎಂದು ಕೇಳಿದಳು. ಹಡಗಿನ ವಿಚಾರ ಎಂದೆ. ಒಂದು ಸಲ ಶ್ರೀದೇವಿಯ ಮುಖ ನೋಡಿದಳು. ನಾನು ಹೇಳುತ್ತಾ ಹೋದೆ, ಅವಳು ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು. ಒಂದು ಕಡೆ ಅವಳ ಬೆರಳು ನಿಂತಿತು.

"ಆಂಟಿ, ರಾಹುಕಾಲ ಅಂತಾನೇ ಹಾಕ್ಲಾ? ಬೇರೆ ಏನಾದ್ರೂ ಕಾರಣ ಹಾಕಿದ್ರೆ ಚೆನ್ನಾಗಿರತ್ತೇನೋ."

ತಲೆ ತಗ್ಗಿಸಿ ನಗು ನುಂಗಿಕೊಳ್ಳುತ್ತಿದ್ದಳು. ನೋಟರಿಯೂ ಕನ್ನಡಕ ಸರಿಮಾಡಿಕೊಳ್ಳುವವರ ಹಾಗೆ ಗೋಡೆಯ ಕಡೆ ತಿರುಗಿದರು. ಅಲ್ಲಿ ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ರಾಹುಕಾಲ ಅಂತಲೇ ಹಾಕು" ಎಂದೆ. "ಗೊತ್ತಿಲ್ದಿದ್ರೆ ಅವರು ಯಾರನ್ನಾದ್ರೂ ಕೇಳಿ ತಿಳ್ಕೊಳ್ಳಲಿ."

ಆ ಹೇಳಿಕೆಯಲ್ಲಿ ಇರುವುದು ಇಷ್ಟು. ಮಾರ್ಚ್ ಹದಿನಾರರಂದು ರಾಹುಕಾಲ ತಪ್ಪಿಸಲು ನಾಲ್ಕೂವರೆಯೊಳಗೆ ಹಗ್ಗ ಬಿಚ್ಚಿಸಿ ಹೊರಗೆ ಕಾಯಿಸಬೇಕೆಂದು ಹೇಳಿದವಳು ನಾನು. ನನ್ನ ಮಾತಿನ ಮೇಲೆ, ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಮಾಲೀಕ ಚಿದಾನಂದ ಕ್ಯಾಪ್ಟನ್‌ಗೆ ಫೋನಿನಲ್ಲಿ ಹಾಗೆ ಆದೇಶ ಕೊಟ್ಟ. ಸೆಕೆಂಡ್ ಆಫೀಸರ್ ಸಿರಿ ಕೊಟ್ಟ ಹೊತ್ತು ಐದೂಕಾಲು. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಅದನ್ನು ಬದಲಾಯಿಸಿದೆ. ಕೆಳಗೆ ನನ್ನ ಸಹಿ, ಫೋನು ನಂಬರು, ಕರೆದರೆ ಎಲ್ಲಿಗಾದರೂ ಬಂದು ಹೇಳುತ್ತೇನೆ ಎಂಬ ಮಾತು.

ಒಂದು ಪ್ರತಿಯನ್ನು ಚಿದಾನಂದನಿಗೆ ಕಳುಹಿಸಿದೆ. ಅವನು ನನಗೆ ಫೋನು ಮಾಡಲಿಲ್ಲ. ಗೃಹಪ್ರವೇಶಕ್ಕೆ ಅತ್ತೆ ಬರುವುದು ಬೇಡ ಎಂದು ನಿಮ್ಮಪ್ಪನ ಕೈಲಿ ಹೇಳಿಸಿದ. ನಿನ್ನೆ ಅವನ ಮಾವನ ಕಡೆಯವರೊಬ್ಬರು ತರಕಾರಿ ಅಂಗಡಿಯ ಮುಂದೆ ಎದುರಾಗಿ, ಮುಖ ತಿರುಗಿಸಿಕೊಂಡು ರಸ್ತೆ ದಾಟಿದರು. ನಾನು ಟೊಮೆಟೊ ಆರಿಸಿ ಮುಗಿಸಿಯೇ ಮನೆಗೆ ಬಂದೆ.

ಬೇಡ ಅಜ್ಜಿ ಎಂದು ನೀನು ಬರೆಯುತ್ತೀಯೆ ಎಂಬುದು ನನಗೆ ಗೊತ್ತು. ಆದ್ದರಿಂದಲೇ ನಿನಗೆ ತಿಳಿಸದೆ ಸೋಮವಾರವೇ ಆ ಹೇಳಿಕೆಯನ್ನು ವಿಚಾರಣೆಯ ಅಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಅವರು ಸಹಿ ಹಾಕಿ ತೆಗೆದುಕೊಂಡರೆಂದು ಇವತ್ತು ಬೆಳಿಗ್ಗೆ ನಿಮ್ಮಪ್ಪನ ಫೋನಿಗೆ ಸಂದೇಶ ಬಂತು. ಅದನ್ನು ಓದಿದ ಮೇಲೆ ಈ ಕಾಗದ ಬರೆಯಲು ಕುಳಿತೆ.

ಶಾಂತಾದೇವಿ